ಅನ್ನ ಹೆಂಗಾತು?

ಮಾನ್ವಿಯಲ್ಲಿ ಅಕ್ಕಿ ಮಾರುವವರಿಗೇನು ಕಡಿಮೆಯಿಲ್ಲ. ಸುಗ್ಗಿ ಮುಗಿದು ಮಿಲ್ಲುಗಳು ತಿರುಗತೊಡಗಿದರೆ ಊರ ಗಾಳಿಯಲ್ಲೆಲ್ಲ ತೌಡು. ಮುಖ ತೊಳೆದರೆ ತೌಡು, ಚಹಾ ಕುಡಿದರೆ ತೌಡು. ಇಂಥ ಊರಿನಲ್ಲಿ ದಿಲ್ಶಾದ್ ಬೇಗಂಳ ಅಂಗಡಿ ಎಂದರೆ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದೇ ಶಟರಿನ ಮಳಿಗೆ. ಒಳಗೆ ಐವತ್ತು ಚೀಲ ಹಿಡಿಸಿದರೆ ಹೆಚ್ಚು. ಬೋರ್ಡಿನ ಮೇಲಿರುವುದು ಗಂಡ ಸಲಾವುದ್ದೀನನ ಹೆಸರು, ಕುರ್ಚಿಯ ಮೇಲೆ ಕೂರುವುದೂ ಅವನೇ. ಆದರೆ ಅಂಗಡಿ ನಡೆದದ್ದು ಬೇಗಂಳ ಬಾಯಿಯಿಂದ. ಈ ಮಾತನ್ನು ಸಲಾವುದ್ದೀನನೇ ಎಲ್ಲರೆದುರು ಹೇಳುತ್ತಾನೆ, ಹೇಳಿ ನಗುತ್ತಾನೆ. ಜಗಳವೆಂದರೆ ನಾಲ್ಕು ಮಾರು ದೂರ ಸರಿಯುವ ಮನುಷ್ಯ.

ಈ ವರ್ಷದ ಚಳಿಗಾಲದಲ್ಲಿ ಆ ಬಾಯಿಯೇ ಅಂಗಡಿಗೆ ಮುಳುವಾಗುವ ಹೊತ್ತು ಬಂತು. ಬಾಯಿ ಎನ್ನುವುದಕ್ಕಿಂತ ಅವಳ ವೆಬ್‌ಸೈಟಿನ ಮೇಲಿನ ಎರಡು ಸಾಲು ಎನ್ನಬೇಕು. ಆ ಎರಡು ಸಾಲು ಅಳಿಸು, ಇಲ್ಲವೇ ಅಂಗಡಿಗೆ ಬೀಗ ಹಾಕು ಎಂದು ಊರ ದೊಡ್ಡವರು ಹೇಳಿ ಕಳಿಸಿದರು. ಅಳಿಸುವುದೇನು, ಒಂದು ಬೆರಳಿನ ಕೆಲಸ. ಅವಳು ಅಳಿಸಲಿಲ್ಲ. ಯಾಕೆ ಅಳಿಸಲಿಲ್ಲ ಎನ್ನುವುದೇ ಈ ಹೆಂಗಸಿನ ಕತೆ. ಕೇಳಿದ ಮೇಲೆ ಹಟಮಾರಿ ಎನ್ನುವವರು ಅನ್ನಲಿ, ಅವಳಿಗೆ ಅದೇನು ಹೊಸ ಮಾತಲ್ಲ.

ದಿಲ್ಶಾದ್ ಹುಟ್ಟಿದ್ದು ದೇವದುರ್ಗದಲ್ಲಿ. ತಾಯಿ ದಾವಲ್ ಬೀ ವಾರದ ಸಂತೆಯಲ್ಲಿ ಗೋಣಿ ಹಾಸಿ, ಸೇರಿನಿಂದ ಅಳೆದು ಅಕ್ಕಿ ಮಾರಿದವಳು. ಆ ತಾಯಿ ಮಗಳಿಗೆ ಎರಡು ಕೆಲಸ ಕಲಿಸಿದಳು. ಒಂದು, ಮಾರುವ ಮೊದಲು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುವುದು. ವರ್ಷ ಕಳೆದ ಅಕ್ಕಿ ಕಟ್ಟೆಂದು ಮುರಿಯುತ್ತದೆ, ಹೊಸದು ಹಲ್ಲಿಗೆ ಅಂಟುತ್ತದೆ. ಎರಡು, ಹೊಸ ಗಿರಾಕಿಗೆ ಒಂದು ಬೊಗಸೆ ಅಕ್ಕಿಯನ್ನು ಹಾಳೆಯಲ್ಲಿ ಕಟ್ಟಿ ಸುಮ್ಮನೆ ಕೊಡುವುದು. ಮೊದಲು ಉಂಡು ನೋಡ್ರಿ, ಆಮೇಲೆ ಬರ್ರಿ ಎನ್ನುವುದು. ಮುಂದಿನ ವಾರ ಅವರು ಬಂದರೆ ದಾವಲ್ ಬೀ ಕೇಳುತ್ತಿದ್ದ ಮೊದಲ ಮಾತು, ಅನ್ನ ಹೆಂಗಾತು?

ಮದುವೆಯಾಗಿ ಮಾನ್ವಿಗೆ ಬಂದ ದಿಲ್ಶಾದ್ ಈ ಎರಡನ್ನೂ ಬಿಡಲಿಲ್ಲ. ಇಪ್ಪತ್ತು ವರ್ಷ ಅದೇ ಬೊಗಸೆ, ಅದೇ ಪ್ರಶ್ನೆ. ಯಾರ ಮನೆಯಲ್ಲಿ ಅಜ್ಜಿಗೆ ಹಲ್ಲಿಲ್ಲ, ಯಾರಿಗೆ ಅನ್ನ ಉದುರುದುರಾಗಿ ಬೇಕು, ಯಾರ ಮನೆಗೆ ಅಳಿಯ ಬರುವವನಿದ್ದಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅನ್ನ ಮೆತ್ತಗಾಗಿದ್ದರೆ ಚೀಲ ವಾಪಸು ತರಲು ಹೇಳುತ್ತಿದ್ದಳು, ತರದಿದ್ದರೆ ಬೈಯುತ್ತಿದ್ದಳು.

ಆಮೇಲೆ ಕಾಲ ಹೊರಳಿತು. ಮಂದಿ ಫೋನಿನಲ್ಲೇ ಅಕ್ಕಿ ತರಿಸಿಕೊಳ್ಳಲು ಶುರು ಮಾಡಿದರು. ರಾಯಚೂರಿನ ದೊಡ್ಡ ಅಂಗಡಿಯಿಂದ ಚೀಲ ಮನೆ ಬಾಗಿಲಿಗೇ ಬಂದು ಬೀಳುತ್ತಿತ್ತು. ಗಿರಾಕಿ ಕಡಿಮೆಯಾದದ್ದು ಒಂದು ಕಡೆಯಾದರೆ, ಆ ಪ್ರಶ್ನೆ ಕೇಳಲು ಎದುರಿಗೆ ಯಾರೂ ಇಲ್ಲದ್ದು ದಿಲ್ಶಾದಳಿಗೆ ಇನ್ನೂ ಕೆಟ್ಟದೆನಿಸಿತು. ಮಧ್ಯಾಹ್ನವೆಲ್ಲ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕೂರುವಂತಾಯಿತು.

ಎರಡು ವರ್ಷದ ಹಿಂದೆ ಕಣ್ಣು ತೋರಿಸಲು ರಾಯಚೂರಿಗೆ ಹೋದಳು. ಕನ್ನಡಕ ಸಿದ್ಧವಾಗುವವರೆಗೆ ಪಕ್ಕದ ಕಂಪ್ಯೂಟರ್ ಅಂಗಡಿಯ ಫ್ಯಾನಿನ ಕೆಳಗೆ ಕೂತಳು. ಅಂಗಡಿ ಸೌಭಾಗ್ಯ ಎನ್ನುವವಳದು. ಅರ್ಜಿ ತುಂಬುವುದು, ಲಗ್ನಪತ್ರಿಕೆ ಅಚ್ಚು ಹಾಕುವುದು, ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕಸುಬು. ಫ್ಯಾನಿನ ಕೆಳಗೆ ಪುಕ್ಕಟೆ ಕೂತವರನ್ನು ಸುಮ್ಮನೆ ಬಿಡುವ ಪೈಕಿ ಅಲ್ಲ. ಯಾವುದೋ ಅಕ್ಕಿ ಅಂಗಡಿಯ ವೆಬ್‌ಸೈಟ್ ತೆರೆದು ತೋರಿಸಿದಳು. ಹೊಳೆಯುವ ಚೀಲಗಳು, ತಾಟಿನ ಮುಂದೆ ಹಲ್ಲು ಬಿಟ್ಟು ಕೂತ ಒಂದು ಕುಟುಂಬ, ಕೆಳಗೊಂದು ಫೋನ್ ನಂಬರು. ದಿಲ್ಶಾದ್ ಮೂಗು ಮುರಿದಳು.

"ಇದು ಗ್ವಾಡಿಗಿ ಹಾಕೋ ಕ್ಯಾಲೆಂಡರ್ ಆತಲ್ಲ ಬೇ. ನಾನು ಅಂಗಡ್ಯಾಗ ದಿನಾ ಮಾತಾಡಾಕಿ. ಇದರಾಗ ಬಂದು ಮೂಕಿ ಆಗ್ಲೇನು?"

ಸೌಭಾಗ್ಯಳಿಗೆ ಆ ಮಾತು ನಾಟಿತು. ಅಲ್ಲಿಯವರೆಗೆ ಅವಳ ಹತ್ತಿರ ಬಂದವರೆಲ್ಲ ನನ್ನ ಫೋಟೋ ದೊಡ್ಡದಾಗಿ ಹಾಕು ಎಂದವರೇ ಹೊರತು, ನಾನು ಮಾತಾಡಬೇಕು ಎಂದವರು ಒಬ್ಬರೂ ಇರಲಿಲ್ಲ. ಕನ್ನಡಕ ಬಂದು ಒಂದು ತಾಸಾದರೂ ಇಬ್ಬರೂ ಏಳಲಿಲ್ಲ. ಹದಿನೈದು ದಿನದಲ್ಲಿ ವೆಬ್‌ಸೈಟ್ ಆಯಿತು. ಅದರಲ್ಲಿ ಫೋಟೋ ಕಡಿಮೆ, ಡಬ್ಬಿಗಳು ಹೆಚ್ಚು. ಬರೆಯುವ ಜಾಗಕ್ಕೆ ದಿಲ್ಶಾದ್ ಇಟ್ಟ ಹೆಸರು ಡಬ್ಬಿ. ಒಂದು ಡಬ್ಬಿಯಲ್ಲಿ ಯಾರು ಏನು ಬೇಕಾದರೂ ಕೇಳಬಹುದು, ಉತ್ತರ ಅದರ ಕೆಳಗೇ ಬರುತ್ತದೆ, ಲೋಕಕ್ಕೆಲ್ಲ ಕಾಣುತ್ತದೆ. ಇನ್ನೊಂದು ಕಡೆ ಮನೆಯಲ್ಲಿ ಎಷ್ಟು ಮಂದಿ, ಯಾವ ಅಕ್ಕಿ ಎಂದು ಒತ್ತಿದರೆ ನೀರು ಎಷ್ಟು ಹಾಕಬೇಕೆಂದು ಹೇಳುತ್ತದೆ. ಚೀಲ ಮುಟ್ಟಿದ ನಾಲ್ಕನೇ ದಿನ ಗಿರಾಕಿಯ ಫೋನಿಗೆ ತಾನಾಗಿಯೇ ಒಂದು ಪ್ರಶ್ನೆ ಹೋಗುತ್ತದೆ, ಅನ್ನ ಹೆಂಗಾತು? ಅದಕ್ಕೆ ಫೋಟೋ ಹಾಕಬಹುದು, ಮಾತಿನಲ್ಲಿ ಹೇಳಿದರೂ ಫೋನೇ ಬರೆದುಕೊಳ್ಳುತ್ತದೆ, ಅದೂ ಬೇಡವೆಂದರೆ ಉದುರು, ಮೆತ್ತಗ, ಮುದ್ದಿ ಎನ್ನುವ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ಮುಗಿಯಿತು. ಹೊಸಬರಿಗೆ ಒಂದು ಬೊಗಸೆ ಅಕ್ಕಿಯ ಪುಡಿಕೆ ಸರಕಾರಿ ಬಸ್ಸಿನಲ್ಲಿ ಹೋಗುತ್ತಿತ್ತು, ಸುಮ್ಮನೆ.

ಒಂದು ಮಾತನ್ನು ಸೌಭಾಗ್ಯ ಮೊದಲೇ ಹೇಳಿದ್ದಳು. ಕೆಟ್ಟದ್ದು ಬರೆದರೆ ಅಳಿಸಲು ಬರುತ್ತದೆ, ಎಲ್ಲ ಅಂಗಡಿಯವರೂ ಅಳಿಸುತ್ತಾರೆ, ನಾಚಿಕೆ ಪಡಬೇಕಿಲ್ಲ ಎಂದು. ದಿಲ್ಶಾದ್ ಅದಕ್ಕೆ ಒಪ್ಪಲಿಲ್ಲ. ಅಂಗಡಿಗೆ ಬಂದು ಬೈದವರ ಬಾಯಿಗೆ ನಾನು ಬಟ್ಟೆ ತುರುಕಿದ್ದಿಲ್ಲ, ಇಲ್ಲೂ ತುರುಕುವುದಿಲ್ಲ ಎಂದಳು. ಕೇಳಿದ ಪ್ರತಿಯೊಂದಕ್ಕೂ ಉತ್ತರ, ಬರೆದದ್ದನ್ನು ಅಳಿಸುವುದಿಲ್ಲ. ಹೊಲಸು ಬೈಗುಳ ಒಂದನ್ನು ಬಿಟ್ಟು.

ಈ ಶಪಥಕ್ಕೆ ಪರೀಕ್ಷೆ ಬರಲು ಒಂದು ವಾರವೂ ಬೇಕಾಗಲಿಲ್ಲ. ರಾಯಚೂರಿನಿಂದ ಸಾಲುಸಾಲಾಗಿ ಹನ್ನೊಂದು ಫೋಟೋ ಬಂದವು, ಹನ್ನೊಂದರಲ್ಲೂ ಅಂಬಲಿಯಂಥ ಅನ್ನ. ಒಂದರಲ್ಲಿ ಚಮಚ ನೆಟ್ಟಗೆ ನಿಂತಿತ್ತು. ಹುಸೇನಪೀರ ಎನ್ನುವ ಮೇಷ್ಟ್ರು, ಚುನಾವಣೆಗೆ ಪೋಸ್ಟರ್ ಹಚ್ಚಲು ಅಂಟು ಬೇಕಾದವರು ಇಲ್ಲಿ ಕೊಳ್ಳಬಹುದು ಎಂದು ಬರೆದಿದ್ದರು. ಸಲಾವುದ್ದೀನನ ಮುಖ ಬಿಳುಚಿತು, ಮುಚ್ಚಿಬಿಡೋಣ ಇದನ್ನು ಎಂದ. ದಿಲ್ಶಾದ್ ಎರಡು ದಿನ ತಲೆ ಕೆಡಿಸಿಕೊಂಡು, ಮೂರನೇ ದಿನ ಹುಸೇನಪೀರರಿಗೇ ಫೋನ್ ಮಾಡಿ, ಅನ್ನ ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಕುಕ್ಕರಿಗೆ ಹಾಕಿ ಮೂರು ಸೀಟಿ ಎಂದರು ಅವರು. ಆಗ ತಿಳಿಯಿತು ನೋಡಿ. ದಿಲ್ಶಾದ್ ಹುಟ್ಟಿದಾಗಿನಿಂದ ಅನ್ನ ಬಸಿದವಳು. ದೊಡ್ಡ ಪಾತ್ರೆಯ ತುಂಬ ನೀರು ಕುದಿಸಿ, ಅಕ್ಕಿ ಹಾಕಿ, ಬೆಂದ ಮೇಲೆ ಗಂಜಿಯನ್ನೆಲ್ಲ ಬಸಿದುಬಿಡುವ ಮನೆ ಅವಳದು. ಒಂದು ಲೋಟ ಅಕ್ಕಿಗೆ ಆರು ಲೋಟ ನೀರು ಎಂದು ಸೌಭಾಗ್ಯಳಿಗೆ ಹೇಳಿದ್ದು ಅವಳೇ. ಪಾಪ, ಪಟ್ಟಣದ ಮಂದಿ ಆ ಆರು ಲೋಟವನ್ನೂ ಕುಕ್ಕರಿನೊಳಗೆ ಹಾಕಿ ಮುಚ್ಚಿದ್ದರು. ಬೇಯಿಸುವುದೆಂದರೆ ಬಸಿಯುವುದೇ ಎಂದುಕೊಂಡ ಹೆಂಗಸು ನೂರು ಮನೆಯ ಕುಕ್ಕರಿಗೆ ಲೆಕ್ಕ ಹೇಳಲು ಹೊರಟಿದ್ದಳು.

ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ನಾಚಿಕೆಯಾಯಿತು. ಹನ್ನೊಂದು ಫೋಟೋಗಳ ಕೆಳಗೂ ಒಂದೊಂದಾಗಿ ಬರೆದಳು: ತಪ್ಪು ನಂದು, ಅಕ್ಕಿದಲ್ಲ, ನಿಮ್ದೂ ಅಲ್ಲ, ನಾನು ಬಸಿಯಾಕಿ, ನೀವು ಕುಕ್ಕರಿನವರು. ಹನ್ನೊಂದು ಮನೆಗೂ ಮತ್ತೆ ಅಕ್ಕಿ ಕಳಿಸಿದಳು. ಸೌಭಾಗ್ಯ ನೀರಿನ ಲೆಕ್ಕಕ್ಕೆ, ಬಸಿಯುತ್ತೀರೋ ಕುಕ್ಕರೋ ಎನ್ನುವ ಪ್ರಶ್ನೆ ಸೇರಿಸಿದಳು. ಅಂಬಲಿಯ ಫೋಟೋಗಳು ಇಂದಿಗೂ ಅಲ್ಲೇ ಇವೆ. ಸೋಜಿಗವೆಂದರೆ ಅವುಗಳನ್ನು ನೋಡಿಯೇ ಮಂದಿ ಅವಳನ್ನು ನಂಬಿದರು. ತನ್ನ ತಪ್ಪಿಗೆ ತಾನೇ ಬೋರ್ಡು ಹಚ್ಚಿ ನಿಲ್ಲುವ ಅಂಗಡಿ ಅವರು ಎಲ್ಲೂ ನೋಡಿರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಮುನ್ನೂರು ಮನೆಗಳು ಅವಳ ಅಕ್ಕಿ ಉಣ್ಣುತ್ತಿದ್ದವು. ಮಂದಿ ಅಕ್ಕಿ ಬಿಟ್ಟು ಬೇರೆಯದನ್ನೂ ಕೇಳತೊಡಗಿದರು. ಹುಳ ಬಿದ್ದರೆ ಏನು ಮಾಡಬೇಕು, ಬಾಣಂತಿಗೆ ಯಾವ ಅಕ್ಕಿ, ಸೊಸೆಗೆ ಅನ್ನ ಮಾಡಲು ಬರುವುದಿಲ್ಲ, ಹೇಗೆ ಹೇಳಲಿ. ಕೊನೆಯದಕ್ಕೆ ದಿಲ್ಶಾದ್ ಕೊಟ್ಟ ಉತ್ತರ, ನೀವೇ ಮಾಡ್ರಿ.

ಇಷ್ಟೆಲ್ಲ ಹೆಸರು ಬಂದ ಮೇಲೆ ಮನುಷ್ಯರಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ. ದಿಲ್ಶಾದಳಿಗೂ ಬಂತು. ಬೆಳಗಿನಿಂದ ಸಂಜೆಯವರೆಗೆ ಫೋನು ಹಿಡಿದು ಉತ್ತರ ಹೇಳುವುದೇ ಕೆಲಸವಾಯಿತು. ಚೀಲಗಳು ವಿರೂಪಣ್ಣನ ಮಿಲ್ಲಿನಿಂದ ಬರುತ್ತಿದ್ದವು, ಬಾಯಿ ಹೊಲಿದು, ಹಳೆ ಅಕ್ಕಿ ಎಂದು ಚೀಟಿ ಅಂಟಿಸಿಕೊಂಡು. ವಿರೂಪಣ್ಣ ಊರಿನ ದೊಡ್ಡ ಕುಳ, ಮಿಲ್ಲಿನವರಿಗೆಲ್ಲ ಹಿರಿಯ. ಇಪ್ಪತ್ತೈದು ವರ್ಷದ ಹಿಂದೆ ಅಂಗಡಿ ತೆರೆದಾಗ ಮೊದಲ ಚೀಲ ಕೊಟ್ಟವರೂ ಅವರೇ. ಅವರ ಚೀಟಿಯನ್ನು ನಂಬಿ ದಿಲ್ಶಾದ್ ಅಕ್ಕಿ ಕಡಿದು ನೋಡುವುದನ್ನು ಬಿಟ್ಟಿದ್ದಳು.

ಜನವರಿಯಲ್ಲಿ ದೇವದುರ್ಗದ ಹನುಮಂತಮ್ಮ ಎನ್ನುವವರಿಂದ ಒಂದು ದೂರು ಬಂತು. ಅವರದೊಂದು ಖಾನಾವಳಿ, ದಿನಕ್ಕೆ ಎಂಬತ್ತು ತಾಟು. ಹಳೇ ಅಕ್ಕಿ ಅಂತ ಕೊಟ್ಟೀರಿ, ಇದು ಹೊಸಾದು, ಮುದ್ದಿ ಆಗ್ಯಾದ, ಮಂದಿ ತಾಟು ಸರಿಸಿ ಎದ್ದು ಹೋದರು ಎಂದು ಫೋನಿಗೆ ಹೇಳಿ ಬರೆಸಿದ್ದರು. ದಿಲ್ಶಾದ್ ಅದನ್ನು ಪೂರ್ತಿ ಓದಲೂ ಇಲ್ಲ. ಇಂಥವಕ್ಕೆ ಉತ್ತರ ಅವಳ ಬೆರಳಿಗೇ ಬಾಯಿಪಾಠವಾಗಿತ್ತು. ಅಕ್ಕಾರ, ನೀರು ಜಾಸ್ತಿ ಆಗಿರಬೇಕು, ಲೆಕ್ಕ ನೋಡಿ ಹಾಕ್ರಿ ಎಂದು ಬರೆದು ಮುಂದಿನದಕ್ಕೆ ಹೋದಳು.

ಹತ್ತು ನಿಮಿಷದಲ್ಲಿ ಮರು ಉತ್ತರ ಬಂತು.

"ಇಪ್ಪತ್ತೆಂಟು ವರ್ಷ ಆತು, ದಿನಾ ಅನ್ನ ಬಸೀತೀನಿ. ಬಸಿಯೋ ಅನ್ನಕ್ಕ ನೀರು ಜಾಸ್ತಿ ಹೆಂಗ ಆಗ್ತದವ್ವಾ? ನೀನಽ ಹೇಳು."

ದಿಲ್ಶಾದ್ ಫೋನ್ ಕೆಳಗಿಟ್ಟಳು. ಕೆನ್ನೆಗೆ ಹೊಡೆದಂತಾಗಿತ್ತು. ಬಸಿಯುವ ಅನ್ನಕ್ಕೆ ನೀರು ಎಷ್ಟಾದರೇನು, ಉಳಿದದ್ದು ಗಂಜಿಯಾಗಿ ಹೋಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ತನ್ನ ತಾಯಿಯಂಥ ಒಬ್ಬ ಹೆಂಗಸಿಗೆ, ಕೈಯಲ್ಲೇ ಅಕ್ಕಿಯ ಗುಣ ಹೇಳಬಲ್ಲವರಿಗೆ, ನಿಮಗೆ ಅನ್ನ ಮಾಡಲು ಬರುವುದಿಲ್ಲ ಎಂದು ಊರೆಲ್ಲ ಓದುವಂತೆ ಬರೆದಿದ್ದಳು. ಎದ್ದು ಹೋಗಿ ಅದೇ ಗಾಡಿಯಲ್ಲಿ ಬಂದ ಚೀಲ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಅಂಟಿದವು. ಇನ್ನೊಂದು ಚೀಲ, ಮತ್ತೊಂದು ಚೀಲ. ಎಲ್ಲವೂ ಅಂಟಿದವು. ಒಂದೆರಡು ತಿಂಗಳ ಹಿಂದೆ ಕೊಯ್ದ ನೆಲ್ಲಿನ ಅಕ್ಕಿಗೆ, ಹಳೆಯದರಂತೆ ಕಾಣಲೆಂದು ಉಗಿ ಕೊಟ್ಟು, ವರ್ಷದ ಹಳೆಯದು ಎಂದು ಚೀಟಿ ಅಂಟಿಸಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೋದಳು. ಮನೆಯ ಬಳಕೆಗೆ ಇಟ್ಟುಕೊಂಡಿದ್ದ ನಿಜವಾದ ಹಳೆ ಅಕ್ಕಿ ಐದು ಸೇರು ಕೈಚೀಲದಲ್ಲಿತ್ತು. ಹನುಮಂತಮ್ಮ ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಒಲೆಯ ಮುಂದೆ ಜಾಗ ಬಿಟ್ಟು ನಿಂತರು. ದಿಲ್ಶಾದ್ ಎರಡು ಪಾತ್ರೆ ಕೇಳಿ ಇಸಿದುಕೊಂಡು, ಒಂದರಲ್ಲಿ ತಾನು ಮಾರಿದ ಅಕ್ಕಿ, ಇನ್ನೊಂದರಲ್ಲಿ ತಾನು ತಂದದ್ದು ಹಾಕಿದಳು. ಒಂದೇ ಉರಿ, ಒಂದೇ ನೀರು. ಎರಡನ್ನೂ ಅವಳೇ ಬಸಿದಳು. ತಾಟಿಗೆ ಸುರಿದಾಗ ತಂದದ್ದು ಮಲ್ಲಿಗೆಯ ಹಾಗೆ ಬಿಡಿಬಿಡಿಯಾಗಿ ಬಿತ್ತು, ಮಾರಿದ್ದು ಪಾತ್ರೆಯ ಆಕಾರದಲ್ಲೇ ದೊಪ್ಪನೆ ಕೂತಿತು. ಊಟಕ್ಕೆ ಬಂದವರೂ ನೋಡಿದರು. ದಿಲ್ಶಾದ್ ಎಲ್ಲರೆದುರು, ತಪ್ಪಾತ್ರೀ ಯವ್ವಾ, ನಿಮ್ಮ ಮಾತು ಖರೇ ಎಂದಳು. ಹನುಮಂತಮ್ಮ ಆಗ ನಕ್ಕರು, ಉಂಡು ಹೋಗು ಎಂದರು. ಉದುರಾದ ಅನ್ನಕ್ಕೆ ಪುಂಡಿಪಲ್ಯ ಹಾಕಿಕೊಂಡು ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.

ವಾಪಸು ಬರುವ ಬಸ್ಸಿನಲ್ಲೇ ಎರಡು ತಾಟಿನ ಫೋಟೋ ಹಾಕಿದಳು. ಅದರ ಕೆಳಗೆ ಬರೆದಳು: ಈ ಅಕ್ಕಿ ಹೊಸದು, ನಾನು ಹಳೆಯದೆಂದು ಮಾರಿದೆ, ಹನುಮಂತಮ್ಮ ಹೇಳಿದ್ದೇ ಸರಿ. ಕೊಂಡವರು ಎಲ್ಲರೂ ವಾಪಸು ಕೊಡಬಹುದು ಎಂದೂ ಸೇರಿಸಿದಳು. ಬಸ್ಸು ಮಾನ್ವಿ ಮುಟ್ಟುವ ಮೊದಲೇ ಪೋತ್ನಾಳದ ವೆಂಕಣ್ಣ ಎನ್ನುವ ರೈತನ ಪ್ರಶ್ನೆ ಡಬ್ಬಿಗೆ ಬಿತ್ತು. ಯಾವ ಮಿಲ್ಲಿಂದು?

ಅಲ್ಲಿ ಅವಳ ಬೆರಳು ನಿಂತಿತು. ವಿರೂಪಣ್ಣನ ಮುಖ ಕಣ್ಣ ಮುಂದೆ ಬಂತು, ಗಂಡನ ಮುಖವೂ ಬಂತು. ಕೇಳಿದ್ದಕ್ಕೆಲ್ಲ ಉತ್ತರ ಎಂದು ಬೋರ್ಡು ಹಚ್ಚಿದವಳು ಇದೊಂದಕ್ಕೆ ಸುಮ್ಮನಿದ್ದರೆ ಏನಾಗುತ್ತದೆ ಎಂದು ಯೋಚಿಸಿದಳು. ಏನೂ ಆಗುವುದಿಲ್ಲ, ಯಾರೂ ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ. ಆದರೆ ತಾನು ಉತ್ತರ ಹೇಳುವುದು ಹೇಳಲು ಸುಲಭವಾದದ್ದಕ್ಕೆ ಮಾತ್ರ ಎಂದು ತನಗೆ ಗೊತ್ತಾಗಿಹೋಗುತ್ತದೆ. ವಿರೂಪಣ್ಣನ ಮಿಲ್ಲಿಂದು, ಚೀಟಿ ಅವರು ಅಂಟಿಸಿದ್ದು, ಕಡಿದು ನೋಡದೆ ಮಾರಿದ್ದು ನಾನು ಎಂದು ಎರಡು ಸಾಲು ಬರೆದು ಒತ್ತಿದಳು.

ಮರುದಿನ ವಿರೂಪಣ್ಣ ಸಲಾವುದ್ದೀನನಿಗೆ ಫೋನ್ ಮಾಡಿದರು. ಕೂಗಾಡಲಿಲ್ಲ, ಅದು ಅವರ ರೀತಿಯಲ್ಲ. ಚೀಲಗಳನ್ನೆಲ್ಲ ಬದಲಿಸಿ ಕೊಡುತ್ತೇನೆ, ಹನುಮಂತಮ್ಮನಿಗೆ ಎರಡು ಚೀಲ ಹೆಚ್ಚಿಗೆ ಕಳಿಸುತ್ತೇನೆ, ನಿನ್ನ ಹೆಂಡತಿಗೆ ಆ ಎರಡು ಸಾಲು ಅಳಿಸಲು ಹೇಳು ಎಂದರು. ಅಳಿಸದಿದ್ದರೆ ಮಾನ್ವಿಯ ಯಾವ ಮಿಲ್ಲಿನಿಂದಲೂ ನಿನಗೆ ಒಂದು ಕಾಳು ಬರುವುದಿಲ್ಲ ಎನ್ನುವುದನ್ನೂ ಅಷ್ಟೇ ಮೆತ್ತಗೆ ಹೇಳಿದರು. ಅವರು ಹೇಳಿದರೆ ಆಯಿತು, ಊರಿನ ಮಿಲ್ಲಿನವರಲ್ಲಿ ಅವರ ಮಾತು ಮೀರುವವರಿಲ್ಲ.

ಸಲಾವುದ್ದೀನ್ ಹೆಂಡತಿಯ ಮುಂದೆ ಅತ್ತುಬಿಟ್ಟ. ಸತ್ಯ ಹೇಳಿಯಾಯಿತಲ್ಲ, ಓದುವವರು ಓದಿಯೂ ಆಯಿತು, ಇನ್ನು ಅದು ಅಲ್ಲಿದ್ದರೆಷ್ಟು ಬಿಟ್ಟರೆಷ್ಟು ಎಂದ. ಸೌಭಾಗ್ಯಳೂ ಫೋನ್ ಮಾಡಿ, ಆಂಟಿ, ಮಿಲ್ಲಿನ ಹೆಸರಷ್ಟೇ ತೆಗೆಯೋಣ, ಉಳಿದದ್ದು ಇರಲಿ, ಒಂದು ಸೆಕೆಂಡಿನ ಕೆಲಸ ಎಂದಳು. ಇಬ್ಬರೂ ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಊಟ ರುಚಿಸಲಿಲ್ಲ. ಆದರೂ ಗಂಡನನ್ನು ಕೂರಿಸಿಕೊಂಡು ವೆಬ್‌ಸೈಟಿನ ಹೊಗಳಿಕೆಗಳನ್ನೆಲ್ಲ ಒಂದೊಂದಾಗಿ ಓದಿಸಿದಳು. ಓದಿಸಿ ಹೇಳಿದಳು, ಇವೊತ್ತು ಇದೊಂದನ್ನು ತೆಗೆದರೆ, ಇವೆಲ್ಲ ನಾವೇ ಆರಿಸಿ ಇಟ್ಟುಕೊಂಡದ್ದು ಎಂದಾಗುತ್ತದೆ. ಮುನ್ನೂರು ಮನೆಯವರು ಬರೆದದ್ದೂ ಸುಳ್ಳಾಗುತ್ತದೆ. ಸಲಾವುದ್ದೀನ್ ಒಪ್ಪಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿರೂಪಣ್ಣ ತಾವೇ ಬಂದರು. ಜೊತೆಗೆ ಇನ್ನಿಬ್ಬರು ಮಿಲ್ಲಿನವರು. ಸಲಾವುದ್ದೀನ್ ಎದ್ದು ಕುರ್ಚಿ ಬಿಟ್ಟುಕೊಟ್ಟ, ಚಹಾ ತರಿಸಿದ. ವಿರೂಪಣ್ಣ ಹಳೆಯದನ್ನೆಲ್ಲ ನೆನೆದರು. ಮೊದಲ ಚೀಲ ಕೊಟ್ಟದ್ದು, ಇವರ ಮಗಳ ನಿಕಾಹಕ್ಕೆ ಬಂದು ಉಂಡದ್ದು. ಉಗಿ ಕೊಡುವುದು ಎಲ್ಲರೂ ಮಾಡುವುದೇ, ತಾವೊಬ್ಬರೇ ಕಳ್ಳರಲ್ಲ ಎಂದರು. ಅದು ನಿಜವೂ ಇರಬಹುದು. ಕೊನೆಗೆ ದಿಲ್ಶಾದಳ ಕಡೆ ತಿರುಗಿದರು.

"ನಮ್ಮ ನಿಮ್ಮ ನಡುವಿನ ಮಾತು ಇದು, ಬೇಗಂ. ಊರಿಗೆಲ್ಲಾ ಯಾಕ ಹೇಳ್ಬೇಕು?"

"ಅನ್ನ ಉಂಡವರು ಊರ ಮಂದಿ ಅದಾರಲ್ರೀ, ಸೌಕಾರ್ರ."

ಜೊತೆಗೆ ಬಂದವರಲ್ಲಿ ಒಬ್ಬ, ಹೆಣ್ಣುಮಗಳ ಜೊತೆ ಏನು ಮಾತು ಎಂದು ಗೊಣಗಿದ. ದಿಲ್ಶಾದ್ ಅವನ ಕಡೆ ನೋಡಲೂ ಇಲ್ಲ. ತನ್ನ ಫೋನು ತೆಗೆದು, ಆ ಎರಡು ಸಾಲಿನ ಕೆಳಗಿನ ಖಾಲಿ ಡಬ್ಬಿ ತೆರೆದು, ಮಾತು ಬರೆದುಕೊಳ್ಳುವ ಗುಂಡಿ ಒತ್ತಿ, ವಿರೂಪಣ್ಣನ ಕೈಯಲ್ಲಿಟ್ಟಳು.

"ನಿಮಗೂ ಡಬ್ಬಿ ಅದ. ಆ ಅಕ್ಕಿ ವರ್ಷದ್ದು ಅಂತ ನಿಮ್ಮ ಬಾಯಿಲೆ ಹೇಳ್ರಿ, ಅದಽ ಬರಕೊಂತದ. ನಿಮ್ಮ ಹೆಸರು ಹಾಕಿ, ನನ್ನ ಮಾತಿನ ಬಾಜೂಕಽ ಇಡ್ತೀನಿ. ಅದನ್ನೂ ನಾನು ಅಳಸೂದಿಲ್ಲ."

ವಿರೂಪಣ್ಣ ಫೋನನ್ನು ಅಂಗೈಯಲ್ಲಿ ಹಿಡಿದು ಕೂತರು. ನಿರಾಕರಿಸುವುದಕ್ಕೆ ಏನೂ ಇರಲಿಲ್ಲ, ಅವಳು ಕೇಳಿದ್ದು ನ್ಯಾಯವಾದದ್ದೇ. ಬಾಯಿ ತೆರೆದರು, ಮುಚ್ಚಿದರು. ದೇವರ ಭಯವೋ, ಪೋತ್ನಾಳದ ವೆಂಕಣ್ಣನಂಥ ರೈತರು ತಮ್ಮ ಮಿಲ್ಲಿಗೆ ಯಾವ ನೆಲ್ಲು ಯಾವ ತಿಂಗಳು ಹಾಕಿದರೆಂದು ಕೆಳಗೇ ಬರೆದಾರೆಂಬ ಭಯವೋ, ಅವರಿಗೇ ಗೊತ್ತು. ಎದುರಿನ ನಿಲ್ದಾಣದಲ್ಲಿ ಕಂಡಕ್ಟರ್ ಒಬ್ಬ ಮಂದಿಯನ್ನು ಕರೆಯುತ್ತಿದ್ದ. ಫೋನು ಕೇಳಿಸಿದ್ದನ್ನು ಬರೆದುಕೊಂಡಿತು. ವಿರೂಪಣ್ಣ ಕೆಳಗೆ ನೋಡಿದಾಗ ಡಬ್ಬಿಯಲ್ಲಿ ಇದ್ದದ್ದು, ಸಿಂಧನೂರ ಸಿಂಧನೂರ ಸಿಂಧನೂರ. ಜೊತೆಯವನೊಬ್ಬ ತಡೆಯಲಾರದೆ ನಕ್ಕುಬಿಟ್ಟ.

ವಿರೂಪಣ್ಣ ಫೋನನ್ನು ತಕ್ಕಡಿಯ ಮೇಲಿಟ್ಟು ಎದ್ದರು. ಚಹಾ ಹಾಗೇ ಉಳಿಯಿತು. ನಾಳೆಯಿಂದ ಗಾಡಿ ಬರುವುದಿಲ್ಲ ಎಂದು ಸಲಾವುದ್ದೀನನಿಗೆ ಹೇಳಿ ಹೊರಟುಹೋದರು.

ಬರಲೂ ಇಲ್ಲ. ದಿಲ್ಶಾದ್ ಬೇರೆ ಆರು ಮಿಲ್ಲಿನ ಬಾಗಿಲು ತಟ್ಟಿದಳು. ಒಂದು ಕಡೆ ಮಾಲು ಖಾಲಿ ಎಂದರು, ಅವರ ಹಿಂದೆ ಚೀಲಗಳು ಛಾವಣಿ ಮುಟ್ಟಿದ್ದವು. ಇನ್ನೊಂದು ಕಡೆ ಮುನೀಮ ಪಾಪದವನು, ಅಕ್ಕಾ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ತಲೆ ತಗ್ಗಿಸಿದ. ವಾಪಸು ಬಂದ ಹೊಸ ಅಕ್ಕಿಯನ್ನು ಹೊಸದು ಎಂದೇ ಬರೆದು, ಇಡ್ಲಿಗೆ ಆಗುತ್ತದೆ ಎಂದು ಹೇಳಿ ಮಾರಿದಳು. ಹನ್ನೊಂದನೆಯ ದಿನ ಅಂಗಡಿಯಲ್ಲಿ ಉಳಿದದ್ದು ತಕ್ಕಡಿ, ಕುರ್ಚಿ, ಕಸಬರಿಗೆ. ಸಾಲಿನ ಬೇರೆ ಅಂಗಡಿಯವರು ಬಂದು ಬಂದು ಇಣುಕಿ ಹೋದರು. ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ದಿಲ್ಶಾದಳಿಗೆ ಮೈಯೆಲ್ಲ ಉರಿಯಿತು. ಕಸಬರಿಗೆ ತೆಗೆದುಕೊಂಡು ಖಾಲಿ ಅಂಗಡಿಯನ್ನು ಮೂಲೆ ಬಿಡದೆ ಗುಡಿಸಿದಳು, ಶಟರನ್ನು ಮಾತ್ರ ಒಂದು ಗೇಣೂ ಇಳಿಸಲಿಲ್ಲ. ಆಮೇಲೆ ನೆಲದ ಮೇಲೆ ಕೂತು, ವೆಬ್‌ಸೈಟಿನ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು.

"ಅಕ್ಕಿ ಇಲ್ಲ. ಏನು ಬೇಕಾದ್ರೂ ಕೇಳ್ರಿ."

ಕೇಳಿದರು. ಯಾಕೆ ಇಲ್ಲ ಎಂದು ಕೇಳಿದರು, ಅವಳು ಯಾಕೆ ಎಂದು ಹೇಳಿದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹುಸೇನಪೀರ ಮೇಷ್ಟ್ರು, ನಮ್ಮ ಮನೆಯಲ್ಲಿ ಇನ್ನೂ ಹದಿನೈದು ದಿನಕ್ಕೆ ಇದೆ, ತಡೆಯುತ್ತೇವೆ ಎಂದರು. ಒಬ್ಬರು ಬೇರೆ ಕಡೆ ಕೊಳ್ಳುತ್ತೇವೆ, ಮಕ್ಕಳಿದ್ದಾರೆ, ಸಿಟ್ಟಾಗಬೇಡಿ ಎಂದು ಬರೆದರು. ಅವರಿಗೆ, ಕೊಳ್ಳುವ ಮೊದಲು ಕಡಿದು ನೋಡ್ರಿ ಎಂದು ಉತ್ತರಿಸಿದಳು. ಪೋತ್ನಾಳದ ವೆಂಕಣ್ಣ, ಮನೆಗೆಂದು ಇಟ್ಟುಕೊಂಡ ಹೋದ ವರ್ಷದ ನೆಲ್ಲು ಸ್ವಲ್ಪ ಇದೆ, ಊರಿನ ಸಣ್ಣ ಗಿರಣಿಯಲ್ಲಿ ಬಿಡಿಸಬಹುದು, ಬಂದು ನೋಡಿದರೆ ಮಾತಾಡೋಣ ಎಂದ. ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ದೇವದುರ್ಗದಿಂದ ಹನುಮಂತಮ್ಮನ ಮಾತು ಬಂತು. ಹಿಂದೆ ತಾಟುಗಳ ಸದ್ದು ಕೇಳುತ್ತಿತ್ತೋ ಏನೋ, ಫೋನು ಅಲ್ಲಲ್ಲಿ ತಪ್ಪು ಬರೆದುಕೊಂಡಿತ್ತು, ಆದರೂ ಓದಲು ಬರುತ್ತಿತ್ತು.

"ನಿನ್ನ ಅಕ್ಕಿ ಬರೋತನಕ ನಮ್ಮ ಖಾನಾವಳ್ಯಾಗ ಅನ್ನ ಇಲ್ಲ, ರೊಟ್ಟಿ ಅಷ್ಟಽ. ಅನ್ನ ಯಾಕಿಲ್ಲ ಅಂತ ಮಂದಿ ಕೇಳಾಕತ್ಯಾರ. ಕೇಳಿದವರಿಗೆಲ್ಲಾ, ಯಾವ ಮಿಲ್ಲು, ಏನಾತು, ಎಲ್ಲಾ ಹೇಳಾಕತ್ತೀನಿ. ದಿನಾ ಎಂಬತ್ತು ಮಂದಿಗಿ."

ದಿಲ್ಶಾದ್ ಓದಿ ಅತ್ತಳು. ಹನ್ನೊಂದು ದಿನ ಹಿಡಿದಿಟ್ಟುಕೊಂಡಿದ್ದ ಅಳು ಅದು, ಸೆರಗಿಗೆ ಸಾಲಲಿಲ್ಲ. ಮಾನ್ವಿಯ ದೊಡ್ಡವರು ಒಂದು ವೆಬ್‌ಸೈಟಿನಿಂದ ಅಳಿಸಲು ಹೊರಟಿದ್ದ ಎರಡು ಸಾಲು ಈಗ ದೇವದುರ್ಗದಲ್ಲಿ ರೊಟ್ಟಿಯ ಜೊತೆ ತಾಟಿಗೆ ಬೀಳುತ್ತಿದ್ದವು. ಫೋನನ್ನು ಗಂಡನ ಕಡೆ ಚಾಚಿದಳು. ಸಲಾವುದ್ದೀನ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಖಾಲಿ ಅಂಗಡಿಯನ್ನು ಒಮ್ಮೆ ಸುತ್ತಲೂ ನೋಡಿದ. ಆಮೇಲೆ ಕುರ್ಚಿಯಿಂದ ಎದ್ದು, ಗೂಟಕ್ಕೆ ಹಾಕಿದ್ದ ಟೋಪಿ ತೆಗೆದುಕೊಂಡು, ಪೋತ್ನಾಳದ ಬಸ್ಸು ನಿಂತಿದೆ, ನೆಲ್ಲು ನಾನು ನೋಡಿ ಬರುತ್ತೇನೆ, ನೀನು ಇಲ್ಲಿ ಕೂತು ಮಂದಿಗೆ ಉತ್ತರ ಹೇಳು ಎಂದು ರಸ್ತೆ ದಾಟಿದ.